ದತ್ತು ಆದೇಶದ ಮೂಲೆಯಲ್ಲಿದ್ದ ಪೆನ್ಸಿಲ್ ಸಂಖ್ಯೆ

ನಾನು ದತ್ತು ಮಗಳು ಅನ್ನುವುದು ಬುದ್ಧಿ ಬಂದಾಗಿನಿಂದ ಗೊತ್ತಿತ್ತು. ಹೆತ್ತಮ್ಮನನ್ನು ಹುಡುಕಬೇಕು ಅನ್ನಿಸಿದ್ದು ನನ್ನ ಮಗು ಹುಟ್ಟಿದ ಮೇಲೆ. ಮನೆತನದಲ್ಲಿ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಯಾರಿಗಾದರೂ ಇದೆಯೇ ಎಂದು ಡಾಕ್ಟರ್ ಕೇಳಿದರೆ ನನ್ನ ಬಳಿ ಉತ್ತರವೇ ಇರಲಿಲ್ಲ.

ಮೊದಲು ಅಮ್ಮನಿಗೆ ಹೇಳಿದೆ. ಅವಳಿಗೆ ಗೊತ್ತಿಲ್ಲದಂತೆ ಹುಡುಕುವುದು ನನ್ನಿಂದಾಗದ ಕೆಲಸ. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ದತ್ತು ಆದೇಶದ ಪ್ರತಿ ತಂದುಕೊಟ್ಟಳು.

ಆಮೇಲೆ ಎರಡು ವರ್ಷ ಹಾಳು ಮಾಡಿಕೊಂಡೆ. ಬರೆದ ಪ್ರತಿ ಅರ್ಜಿಯಲ್ಲೂ ಹೆತ್ತಮ್ಮನ ಹೆಸರನ್ನೇ ಕೇಳಿದೆ. ಒಂದು ಕಡೆಯಿಂದ ಗೋಪ್ಯ ಎಂಬ ಉತ್ತರ, ಇನ್ನೊಂದು ಕಡೆಯಿಂದ ನಿಮ್ಮ ಹೆಸರಿನ ಕಡತವೇ ಇಲ್ಲ ಎಂಬ ಉತ್ತರ. ಇರುವುದಾದರೂ ಹೇಗೆ? ನನಗೆ ಈ ಹೆಸರು ಬಂದದ್ದೇ ದತ್ತು ಆದ ಮೇಲೆ. ಹಳೆಯ ದಾಖಲೆಗಳು ಹುಟ್ಟಿದಾಗಿನ ಹೆಸರಿನಲ್ಲೋ ಪ್ರಕರಣದ ಸಂಖ್ಯೆಯಲ್ಲೋ ಇರುತ್ತವೆ.

ಒಂದು ಸಂಜೆ ಆದೇಶದ ಪ್ರತಿಯನ್ನು ದೀಪಕ್ಕೆ ಹಿಡಿದು ನೋಡಿದಾಗ ಮೇಲಿನ ಬಲಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದು ಅರ್ಧ ಅಳಿಸಿದ ಮೂರಂಕಿಯ ಸಂಖ್ಯೆ ಕಂಡಿತು. ಅದು ನಾನಿದ್ದ ಶಿಶುಗೃಹದ ದಾಖಲಾತಿ ಪುಸ್ತಕದ ಕ್ರಮಸಂಖ್ಯೆ. ಅದನ್ನು ಬರೆದು ಕೇಳಿದ್ದಕ್ಕೆ ಕಡತ ಸಿಕ್ಕಿತು.

ಈ ಸಲ ಹೆಸರು ಕೇಳಲಿಲ್ಲ. ತಾಯಿಯ ವಯಸ್ಸು, ಓದು, ಆರೋಗ್ಯ, ಒಡಹುಟ್ಟಿದವರು ಎಷ್ಟು ಜನ, ಮಗುವನ್ನು ಒಪ್ಪಿಸಿದ ಕಾರಣ, ಇಷ್ಟೇ. ಗುರುತು ಬಿಟ್ಟುಕೊಡದ ಇಂಥ ವಿವರವನ್ನು ಹೆಸರಿಗಿಂತ ಸುಲಭವಾಗಿ ಕೊಡುತ್ತಾರೆ. ಮಕ್ಕಳ ಹಕ್ಕುಗಳ 1989ರ ವಿಶ್ವಸಂಸ್ಥೆ ಒಡಂಬಡಿಕೆಯನ್ನೂ ಅರ್ಜಿಯಲ್ಲಿ ಕಾಣಿಸಿದ್ದೆ. ಸಾಧ್ಯವಾದಷ್ಟು ಮಟ್ಟಿಗೆ ಹೆತ್ತವರನ್ನು ತಿಳಿಯುವ ಹಕ್ಕು ಮಗುವಿಗಿದೆ ಎನ್ನುತ್ತದೆ ಅದರ 7ನೇ ವಿಧಿ. ಎರಡು ಪುಟದ ಉತ್ತರ ಬಂತು: ವಯಸ್ಸು ಹತ್ತೊಂಬತ್ತು, ಮನೆಗೆ ಹಿರಿಮಗಳು, ಇಬ್ಬರು ತಂಗಿಯರು.

ಡಿಎನ್‌ಎ ಪರೀಕ್ಷೆ ಮಾಡಿಸಿದ್ದು ಅದಾದ ಮೇಲೆ. ಪರೀಕ್ಷೆ ಮಾಡಿಸಿದ ಬೇರೆಯವರ ಡಿಎನ್‌ಎ ನಮ್ಮದರ ಜೊತೆ ಎಷ್ಟು ಹೊಂದುತ್ತದೆ ಎಂಬುದನ್ನು ಸೆಂಟಿಮಾರ್ಗನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ತಾಯಿ-ಮಗಳಾದರೆ ಸುಮಾರು 3,400ಕ್ಕೆ ಮೇಲೆ. 1,750ರ ಆಸುಪಾಸು ಬಂದರೆ ಅಜ್ಜಿಯೂ ಇರಬಹುದು, ಚಿಕ್ಕಮ್ಮನೂ ಇರಬಹುದು, ತಂದೆ ಅಥವಾ ತಾಯಿ ಮಾತ್ರ ಒಂದೇ ಆಗಿರುವ ಅಕ್ಕನೂ ಇರಬಹುದು. ಸಂಖ್ಯೆಯೊಂದನ್ನೇ ನಂಬಿ ತೀರ್ಮಾನಕ್ಕೆ ಬರಬಾರದು. ನನಗೆ ಸಿಕ್ಕಿದ್ದು 850ರ ಹತ್ತಿರದ ಒಬ್ಬಳು, ನನಗಿಂತ ಆರು ವರ್ಷ ಚಿಕ್ಕವಳು. ಆ ಎರಡು ಪುಟ ಕೈಯಲ್ಲಿದ್ದದ್ದರಿಂದ ಇವಳು ಚಿಕ್ಕಮ್ಮನ ಮಗಳಿರಬೇಕು ಎಂದು ಊಹಿಸಿದೆ. ಅವಳಿಗೆ ತನ್ನ ದೊಡ್ಡಮ್ಮನ ವಿಷಯ ಗೊತ್ತಿದೆಯೋ ಇಲ್ಲವೋ. ಹಾಗಾಗಿ ಅವಳಿಗೆ ಏನನ್ನೂ ಬರೆಯಲಿಲ್ಲ. ಕೈ ತುರಿಸುತ್ತಿತ್ತು, ಆದರೂ ಬರೆಯಲಿಲ್ಲ.

ಹೆತ್ತಮ್ಮನ ಮನೆಗೂ ನೇರವಾಗಿ ಬರೆಯಲಿಲ್ಲ. ಲಕೋಟೆ ಯಾರ ಕೈಯಲ್ಲಿ ಒಡೆಯುತ್ತದೋ ಹೇಳಲಾಗದು. ಕಡತ ಹುಡುಕಿಕೊಟ್ಟ ಸಮಾಜ ಕಾರ್ಯಕರ್ತೆಯ ಮೂಲಕವೇ ಅವರನ್ನು ಕೇಳಿಸಿದೆ. ಹನ್ನೊಂದು ತಿಂಗಳ ಮೇಲೆ ಉತ್ತರ ಬಂತು. ಮೊದಲು ನಾನು ಕೇಳಿದ್ದ ಕಾಯಿಲೆಗಳ ವಿವರ, ಯಾರಿಗೆ ಯಾವ ವಯಸ್ಸಿನಲ್ಲಿ ಬಂತು ಎಂಬುದರ ಸಮೇತ. ಕೆಳಗೆ ಒಂದು ಗೆರೆ ಎಳೆದು ಬರೆದಿದ್ದರು: ನೀನು ಹುಟ್ಟಿದ್ದು ಬೆಳಗಿನ ಜಾವ ನಾಲ್ಕೂ ಹತ್ತಕ್ಕೆ, ಮಳೆ ಬರುತ್ತಿತ್ತು.

ಭೇಟಿ ಸದ್ಯಕ್ಕೆ ಬೇಡ ಎಂದಿದ್ದಾರೆ. ನನ್ನ ಒಪ್ಪಿಗೆಯ ಪತ್ರವನ್ನು ಕಡತದಲ್ಲಿ ಇಡಿಸಿದ್ದೇನೆ. ಮನೆ ಬದಲಾದಾಗಲೆಲ್ಲ ಅದರಲ್ಲಿನ ವಿಳಾಸ ತಿದ್ದಿಸುತ್ತೇನೆ.