ಸರ್ವೇ, ಆಫರ್‌ಗಳಿಂದ ಚಿಲ್ಲರೆ ಸಂಪಾದನೆ: ಶುರು ಮಾಡುವುದು ಹೇಗೆ, ನಿಲ್ಲಿಸುವುದು ಎಲ್ಲಿ?

ಮೊಬೈಲ್‌ನಲ್ಲಿ ಸರ್ವೇ ತುಂಬಿದರೆ ನಿಜವಾಗಿಯೂ ದುಡ್ಡು ಬರುತ್ತದಾ? ಬರುತ್ತದೆ, ಆದರೆ ಚಿಲ್ಲರೆ ದುಡ್ಡು. ಮೊಬೈಲ್ ರೀಚಾರ್ಜಿಗೆ, ಮಕ್ಕಳ ಪುಸ್ತಕಕ್ಕೆ ಆದೀತು. ಮುಂಬೈ ಪಕ್ಕದ ಡೊಂಬಿವಲಿಯ ಮನೆ ಬಾಡಿಗೆಗೆ ಆಗುವುದಿಲ್ಲ. ಮನೆಯಲ್ಲೇ ಕೂತು ದಿನಕ್ಕೆ ಸಾವಿರಗಟ್ಟಲೆ ಗಳಿಸಬಹುದು ಎಂದು ಯಾರಾದರೂ ಹೇಳಿದರೆ ಮುಂದಿನ ಮಾತೇ ಕೇಳಬೇಡಿ.

ಕಂಪನಿಗಳು ದುಡ್ಡು ಕೊಡುವುದಕ್ಕೆ ಕಾರಣವಿದೆ. ಹೊಸ ಸೋಪು ತರುವ ಮೊದಲು ಜನರಿಗೆ ಅದರ ವಾಸನೆ, ಬೆಲೆ, ಹೆಸರು ಹಿಡಿಸುತ್ತದೋ ಇಲ್ಲವೋ ತಿಳಿಯಬೇಕು. ಇದಕ್ಕಾಗಿ ಹಿಂದೆ ಹುಡುಗ ಹುಡುಗಿಯರು ಕೈಯಲ್ಲಿ ಫಾರ್ಮ್ ಹಿಡಿದು ಮುಂಬೈಯ ಬಿಲ್ಡಿಂಗ್‌ಗಳನ್ನು ಹತ್ತಿ ಇಳಿಯುತ್ತಿದ್ದರು. ಈಗಲೂ ಕೆಲವು ಕಡೆ ಬರುತ್ತಾರೆ. ಅದೇ ಪ್ರಶ್ನೆಗಳು ಈಗ ಮೊಬೈಲ್‌ಗೂ ಬಂದಿವೆ. ನಿಮ್ಮ ಉತ್ತರಕ್ಕೆ ಬೆಲೆಯಿದೆ. ಆದ್ದರಿಂದ ಸೇರುವುದಕ್ಕೆ ನೀವು ಒಂದು ಪೈಸೆಯನ್ನೂ ಕೊಡಬೇಕಿಲ್ಲ. ಈ ಒಂದು ಮಾತು ಗಟ್ಟಿಯಾಗಿ ನೆನಪಿರಲಿ.

ಮೊದಲ ಕೆಲಸ: ಬೇರೆ ಈಮೇಲ್

ಬ್ಯಾಂಕು, ಆಫೀಸಿಗೆ ಬಳಸುವ ಈಮೇಲ್ ಇಲ್ಲಿ ಬೇಡ. ಸರ್ವೇಗೆಂದೇ ಹೊಸದೊಂದು ತೆರೆಯಿರಿ. ಹೆಸರು, ವಯಸ್ಸು, ಊರು ನಿಜವೇ ಇರಲಿ. ಒಬ್ಬರಿಗೆ ಒಂದೇ ಖಾತೆ. ಕೆಲವು ಕಡೆ ಇಡೀ ಮನೆಗೇ ಒಂದು ಎಂಬ ನಿಯಮ ಇರುತ್ತದೆ, ಓದಿಕೊಳ್ಳಿ. ವಿಪಿಎನ್ (ನೀವಿರುವ ಜಾಗವನ್ನು ಮರೆಮಾಡುವ ಆ್ಯಪ್) ಹಾಕಿ ಅಮೆರಿಕದವರಂತೆ ತೋರಿಸಿಕೊಂಡರೆ ಖಾತೆ ಮುಚ್ಚುತ್ತಾರೆ, ಸರ್ವೇ ತುಂಬಿ ಕೂಡಿಟ್ಟ, ಆಮೇಲೆ ದುಡ್ಡಾಗಬೇಕಿದ್ದ ಪಾಯಿಂಟ್ ಹೋಗುತ್ತದೆ.

ಶುರುವಿಗೆ ಗೂಗಲ್ ಒಪಿನಿಯನ್ ರಿವಾರ್ಡ್ಸ್ ಆ್ಯಪ್ ಒಳ್ಳೆಯದು. ನಾಲ್ಕೈದು ಪ್ರಶ್ನೆ, ಅರ್ಧ ನಿಮಿಷದ ಕೆಲಸ. ಆಂಡ್ರಾಯ್ಡ್ ಫೋನ್‌ನಲ್ಲಿ ಸಿಗುವುದು ಪ್ಲೇ ಸ್ಟೋರ್ ಕ್ರೆಡಿಟ್, ಅಂದರೆ ಪ್ಲೇ ಸ್ಟೋರ್‌ನಲ್ಲಿ ಮಾತ್ರ ಖರ್ಚು ಮಾಡಬಹುದಾದ ಮೊತ್ತ. ಅದನ್ನು ಬ್ಯಾಂಕಿಗೆ ಹಾಕಿಸಿಕೊಳ್ಳಲು ಬರುವುದಿಲ್ಲ, ಒಂದು ವರ್ಷದೊಳಗೆ ಬಳಸದಿದ್ದರೆ ಹೋಗುತ್ತದೆ. ಲೊಕೇಶನ್ ಆನ್ ಇದ್ದರೆ ‘ಇತ್ತೀಚೆಗೆ ಇವುಗಳಲ್ಲಿ ಎಲ್ಲಿಗೆ ಹೋಗಿದ್ದಿರಿ?’ ಎಂದು ಅಂಗಡಿ, ಮಾಲ್‌ಗಳ ಪಟ್ಟಿ ಬರುತ್ತದೆ. ಹೋಗದ ಜಾಗಕ್ಕೆ ಹೋದೆ ಎಂದು ಒತ್ತಿದರೆ ಮುಂದೆ ಸರ್ವೇ ಬರುವುದೇ ಕಡಿಮೆಯಾಗುತ್ತದೆ. ಇದು ಕೈಗೆ ಕೂತ ಮೇಲೆ ಯೂಗವ್ (YouGov), ಟೊಲುನಾ, ಸ್ವ್ಯಾಗ್‌ಬಕ್ಸ್ ಥರದ ದೊಡ್ಡ ಸರ್ವೇ ತಾಣಗಳಲ್ಲಿ ಒಂದೋ ಎರಡೋ ಸೇರಿದರೆ ಸಾಕು. ಹತ್ತು ಕಡೆ ಸೇರಿದರೆ ಯಾವುದರಲ್ಲೂ ದುಡ್ಡು ತೆಗೆಯುವ ಮಟ್ಟಕ್ಕೆ ಪಾಯಿಂಟ್ ಆಗುವುದಿಲ್ಲ.

ಫ್ರಿಜ್ ಇದೆಯಾ ಎಂದು ಯಾಕೆ ಕೇಳುತ್ತಾರೆ?

ಸೇರಿದ ಕೂಡಲೇ ಪ್ರೊಫೈಲ್ ತುಂಬಿಸುತ್ತಾರೆ. ಮನೆಯಲ್ಲಿ ಹೆಚ್ಚು ದುಡಿಯುವವರು ಎಷ್ಟು ಓದಿದ್ದಾರೆ? ಫ್ರಿಜ್, ವಾಷಿಂಗ್ ಮಷೀನ್, ಕಾರು, ಎಸಿ ಇದೆಯಾ? ಇದೇನು ಇವರಿಗೆ ಅಂತ ಅನ್ನಿಸುತ್ತದೆ ಅಲ್ವಾ? ನಮ್ಮ ದೇಶದ ಮಾರುಕಟ್ಟೆ ಸಂಶೋಧಕರು 2011ರಲ್ಲಿ ಮನೆಗಳನ್ನು ವಿಂಗಡಿಸುವ ಹೊಸ ಪದ್ಧತಿ ತಂದರು. ದುಡಿಯುವವರ ಓದು ಮತ್ತು ಮನೆಯಲ್ಲಿರುವ ಸಾಮಾನುಗಳ ಲೆಕ್ಕ ಹಿಡಿದು ಎ1ರಿಂದ ಇ3ರವರೆಗೆ ಗುಂಪು ಮಾಡಿದರು. ಸಂಬಳ ಕೇಳಿದರೆ ಜನ ಸರಿಯಾಗಿ ಹೇಳುವುದಿಲ್ಲ, ಫ್ರಿಜ್ ವಿಷಯದಲ್ಲಿ ಸುಳ್ಳು ಹೇಳುವವರು ಕಡಿಮೆ. ಜಾಸ್ತಿ ಸಾಮಾನು ತೋರಿಸಿದರೆ ಜಾಸ್ತಿ ಸರ್ವೇ ಬರುತ್ತದೆಂದು ಇಲ್ಲದ ಕಾರನ್ನು ಬರೆಯಬೇಡಿ. ಮುಂದೊಂದು ದಿನ ಕಾರಿನ ಇನ್ಶೂರೆನ್ಸ್ ಬಗ್ಗೆ ಇಪ್ಪತ್ತು ಪ್ರಶ್ನೆ ಬಂದಾಗ ಸಿಕ್ಕಿಬೀಳುತ್ತೀರಿ.

ಮನೆಮಾತಿನ ಪ್ರಶ್ನೆಗೆ ಕನ್ನಡ ಎಂದೇ ಒತ್ತಿ. ಮುಂಬೈಯಲ್ಲಿದ್ದೇವೆ, ಮರಾಠಿಯೋ ಹಿಂದಿಯೋ ಹಾಕಿಬಿಡೋಣ ಎಂದುಕೊಳ್ಳುವವರಿದ್ದಾರೆ. ಹಾಗೆ ಮಾಡಿದರೆ ಈ ಊರಿನ ಕನ್ನಡಿಗರಿಗೆ ಏನು ಬೇಕು ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಅರ್ಧದಲ್ಲಿ ಹೊರಹಾಕಿದರೆ

ಹೊಸಬರಿಗೆ ಹೆಚ್ಚು ಬೇಸರ ತರುವುದು ಇದು. ಐದು ನಿಮಿಷ ಉತ್ತರಿಸಿದ ಮೇಲೆ ‘ನೀವು ಈ ಸರ್ವೇಗೆ ಹೊಂದುವುದಿಲ್ಲ’ ಎನ್ನುತ್ತದೆ. ನಿಮ್ಮ ವಯಸ್ಸಿನವರ ಸಂಖ್ಯೆ ಆಗಲೇ ತುಂಬಿರಬಹುದು. ಮನೆಯಲ್ಲಿ ಯಾರಾದರೂ ಜಾಹೀರಾತು, ಪತ್ರಿಕೆ ಅಥವಾ ಮಾರುಕಟ್ಟೆ ಸಂಶೋಧನೆಯಲ್ಲಿ ಇದ್ದಾರಾ ಎಂಬ ಪ್ರಶ್ನೆಗೆ ಹೌದು ಎಂದಿರಬಹುದು. ಮುಂಬೈಯಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ನಿಮ್ಮದೂ ಅಂಥ ಮನೆಯಾದರೆ, ಹೊರಹಾಕಿದರೂ ಸರಿ, ಹೌದು ಎಂದೇ ಹೇಳಿ.

ನಡುವೆ ‘ಇಲ್ಲಿ ಮೂರನೆಯದನ್ನು ಒತ್ತಿ’ ಎಂಬಂಥ ಸಾಲು ಬರುತ್ತದೆ. ನೀವು ಓದುತ್ತಿದ್ದೀರಾ ಎಂದು ನೋಡುವ ಪರೀಕ್ಷೆ ಅದು. ಎಲ್ಲದಕ್ಕೂ ಒಂದೇ ಸಾಲಿನಲ್ಲಿ ಒತ್ತುತ್ತಾ ಹೋದರೂ, ಹತ್ತು ನಿಮಿಷದ್ದನ್ನು ಎರಡು ನಿಮಿಷಕ್ಕೆ ಮುಗಿಸಿದರೂ ದುಡ್ಡು ಬರುವುದಿಲ್ಲ. ಲೋಕಲ್ ರೈಲಿನಲ್ಲಿ ಹೋಗುವಾಗ ಚಿಕ್ಕ ಸರ್ವೇ ಮಾತ್ರ ತೆಗೆದುಕೊಳ್ಳಿ. ನೆಲದಡಿ ಓಡುವ ಮೆಟ್ರೋ 3ರಲ್ಲಿ ಅದೂ ಬೇಡ. ನೆಟ್‌ವರ್ಕ್ ಕಡಿದರೆ ಉತ್ತರ ಹೋದಂತೆಯೇ.

ಒಂದು ವಾರ ಲೆಕ್ಕ ಬರೆದಿಡಿ. ಉದಾಹರಣೆಗೆ, 20 ನಿಮಿಷದ ಸರ್ವೇಗೆ 40 ರೂಪಾಯಿ. ಅದು ಸಿಗುವ ಮುನ್ನ ಮೂರು ಸರ್ವೇಗಳಿಂದ ಅರ್ಧದಲ್ಲಿ ಹೊರಬಿದ್ದು ನಾಲ್ಕು ನಾಲ್ಕು ನಿಮಿಷ ಹೋಯಿತು ಅನ್ನಿ. ಒಟ್ಟು 32 ನಿಮಿಷ. ಅಂದರೆ ಗಂಟೆಗೆ ಬಿದ್ದದ್ದು 75 ರೂಪಾಯಿ, 120 ಅಲ್ಲ. ಬಿಡುವಿದ್ದಾಗ ಮಾಡಿದರೆ ಸರಿ. ಓದು, ನಿದ್ದೆ ಕೆಡಿಸಿಕೊಂಡು ಮಾಡುವ ಕೆಲಸ ಇದಲ್ಲ.

ಆಫರ್‌ಗಳಲ್ಲಿ ಎಚ್ಚರ

ಆ್ಯಪ್ ಹಾಕಿಕೊಳ್ಳಿ, ಆಟದಲ್ಲಿ ಇಷ್ಟನೇ ಹಂತ ಮುಟ್ಟಿ, ಟ್ರಯಲ್‌ಗೆ ಸೇರಿ ಎಂಬ ಆಫರ್‌ಗಳಿಗೆ ಪಾಯಿಂಟ್ ಜಾಸ್ತಿ. ಆ ತಾಣದ ಲಿಂಕ್‌ನಿಂದಲೇ ಹೋಗಬೇಕು, ಇಲ್ಲವಾದರೆ ನೀವು ಮಾಡಿದ್ದು ದಾಖಲಾಗುವುದಿಲ್ಲ. ಷರತ್ತಿನ ಪುಟ ಮತ್ತು ಮುಗಿಸಿದ ಪುಟ, ಎರಡರದ್ದೂ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಪಾಯಿಂಟ್ ಬರದಿದ್ದಾಗ ಕೇಳಲು ಬೇಕಾಗುತ್ತದೆ.

ಉಚಿತ ಟ್ರಯಲ್ ಎಂದು ಯುಪಿಐ ಆಟೋಪೇಗೆ (ಖಾತೆಯಿಂದ ತಾನಾಗಿಯೇ ದುಡ್ಡು ಕಟ್ಟುವ ವ್ಯವಸ್ಥೆ) ಒಪ್ಪಿಗೆ ಕೊಟ್ಟರೆ ತಿಂಗಳು ತಿಂಗಳು ದುಡ್ಡು ಹೋಗುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ದುಡ್ಡು ಕಡಿತವಾಗುವ 24 ಗಂಟೆ ಮೊದಲು ಸಂದೇಶ ಬರಬೇಕು, ಅದನ್ನು ನೋಡದೆ ಬಿಡಬೇಡಿ. ನಿಮ್ಮ ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿಗೆ ಹೋಗಿ ಬೇಡದ್ದನ್ನು ರದ್ದು ಮಾಡಬಹುದು. ದುಡ್ಡು ಕಟ್ಟಿ ಆಡುವ ಆಟದ ಆಫರ್ ಬಂದರೆ ಮುಟ್ಟಲೇಬೇಡಿ. 2025ರ ಕಾನೂನು ಅಂಥ ಆಟಗಳನ್ನು ನಿಷೇಧಿಸಿದೆ.

ದುಡ್ಡು ಪಡೆಯಲು ಗಿಫ್ಟ್ ಕಾರ್ಡ್ ಸುಲಭದ ದಾರಿ. ಪೇಪಾಲ್ ಎಂಬ ಆನ್‌ಲೈನ್ ಪಾವತಿ ಸೇವೆ ಆದರೆ ಪ್ಯಾನ್ ಮತ್ತು ಬ್ಯಾಂಕ್ ಖಾತೆ ಜೋಡಿಸಬೇಕು. 2021ರ ಏಪ್ರಿಲ್‌ನಿಂದ ಅದು ಭಾರತದಲ್ಲಿ ವಿದೇಶದ ಪಾವತಿಗೆ ಮಾತ್ರ ಇದೆ, ಡಾಲರ್ ರೂಪಾಯಿ ಆಗುವಾಗ ಸ್ವಲ್ಪ ಕಡಿತವಾಗುತ್ತದೆ. ಕನಿಷ್ಠ ಮೊತ್ತ ಮುಟ್ಟಿದ ಕೂಡಲೇ ತೆಗೆದುಬಿಡಿ.

ಟೆಲಿಗ್ರಾಂ ‘ಟಾಸ್ಕ್’ ಬಂದರೆ

ವಾಟ್ಸಾಪ್‌ಗೆ ಸಂದೇಶ ಬರುತ್ತದೆ. ವಿಡಿಯೊಗೆ ಲೈಕ್ ಒತ್ತಿ, ಹೋಟೆಲಿಗೆ ಸ್ಟಾರ್ ಕೊಡಿ, ಪ್ರತಿಯೊಂದಕ್ಕೂ 50 ರೂಪಾಯಿ. ಮೊದಲೆರಡು ಸಲ ನಿಜವಾಗಿಯೂ ಹಾಕುತ್ತಾರೆ. ನಂಬಿಕೆ ಬಂದ ಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸುತ್ತಾರೆ. ಅಲ್ಲಿ ‘ನನಗೆ ಇಷ್ಟು ಬಂತು’ ಎನ್ನುವವರೆಲ್ಲ ಅವರದೇ ಜನ. ಆಮೇಲೆ ‘ಪ್ರೀಪೇಯ್ಡ್ ಟಾಸ್ಕ್’ ಎಂದು ಸಾವಿರ ಕಟ್ಟಿಸುತ್ತಾರೆ. ಪರದೆಯ ಮೇಲೆ ಲಾಭ ಬೆಳೆಯುತ್ತಿರುತ್ತದೆ, ತೆಗೆಯಲು ಹೋದರೆ ತೆರಿಗೆ ಕಟ್ಟಿ, ಶುಲ್ಕ ಕಟ್ಟಿ ಎನ್ನುತ್ತಾರೆ. ಎಷ್ಟು ಕಟ್ಟಿದರೂ ದುಡ್ಡು ಕೈಗೆ ಬರುವುದಿಲ್ಲ. ಕನ್ನಡದಲ್ಲಿ ಮಾತಾಡಿದರು, ಊರಿನವರ ಥರ ಇದ್ದರು ಎಂದು ನಂಬಬೇಡಿ.

ದುಡ್ಡು ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಪಿನ್ ಕೇಳಿತು ಎಂದರೆ ದುಡ್ಡು ಹೋಗುವುದು ನಿಮ್ಮ ಖಾತೆಯಿಂದ. ‘ನಿಮ್ಮ ಬ್ಯಾಂಕ್ ಖಾತೆ ಬಾಡಿಗೆಗೆ ಕೊಡಿ, ಕಮಿಷನ್ ಕೊಡುತ್ತೇವೆ’ ಎಂದರೂ ಬೇಡ. ಕದ್ದ ದುಡ್ಡು ಅದರಲ್ಲಿ ಓಡಾಡಿದರೆ ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮನ್ನು. ಕಾಲೇಜು ಮಕ್ಕಳಿರುವ ಮನೆಯವರು ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿ.

ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಬರೆಯಬಹುದು. ಬ್ಯಾಂಕಿಗೂ ತಿಳಿಸಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವ ಮೊದಲು ತಡೆಹಿಡಿಯಲು ಸಾಧ್ಯ, ಆದ್ದರಿಂದ ಒಂದೊಂದು ನಿಮಿಷವೂ ಮುಖ್ಯ. ಮನೆಯವರು ಬೈದಾರು ಎಂದು ಸುಮ್ನೆ ಕೂರಬೇಡಿ. ಚಾಟ್ ಅಳಿಸಬೇಡಿ. ಕಟ್ಟಿದ ಮೊತ್ತ, ಹೊತ್ತು, ಯುಪಿಐ ವ್ಯವಹಾರದ ಸಂಖ್ಯೆ, ಅವರು ಕೊಟ್ಟ ಫೋನ್ ನಂಬರು ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ದೂರು ಕೊಡುವಾಗ ತಡವರಿಸಬೇಕಾಗುವುದಿಲ್ಲ.