ಟಿಲ್ಲರ್ ಹಿಡಿಯುವ ಮುನ್ನ: ಕೈಕಾಲು ಜೋಪಾನವಾಗಿಟ್ಟು ಗದ್ದೆ ಉಳುವುದು ಹೇಗೆ?

ಮೇ ಕೊನೆಯ ಪತ್ತನಾಜೆ ಕಳೆದು ಒಂದೆರಡು ಜೋರು ಮಳೆ ಬಿದ್ದರೆ ಸಾಕು, ಕರಾವಳಿಯ ಬ್ರಹ್ಮಾವರದಿಂದ ಮೂಲ್ಕಿಯವರೆಗೂ ಬೈಲುಗಳಲ್ಲಿ ಟಿಲ್ಲರಿನ ಸದ್ದು ಶುರುವಾಗುತ್ತದೆ. ಉಳಲು ಕೋಣ, ಎತ್ತು ಸಾಕುವವರು ಈಗ ಅಪರೂಪ. ದೊಡ್ಡ ಟ್ರ್ಯಾಕ್ಟರ್ ಇಳಿಸೋಣ ಅಂದರೆ ನಮ್ಮ ಗದ್ದೆಗಳು ಸಣ್ಣವು, ಎಷ್ಟೋ ಕಡೆ ದಾರಿಯೇ ಇಲ್ಲ. ಹಾಗಾಗಿ ಏಣಿಲು, ಅಂದರೆ ಮುಂಗಾರಿನ ಭತ್ತದ ಬೆಳೆಗೆ ಹಿಂದಿನಿಂದ ನಡೆದುಕೊಂಡು ಓಡಿಸುವ ಈ ಯಂತ್ರವೇ ಗತಿ.

ಟಿಲ್ಲರ್ ನೇರ ಸಾಲಿನಲ್ಲಿ ಉಳುತ್ತಿರುವಾಗ ತೊಂದರೆ ಕಡಿಮೆ. ಅಪಾಯ ಇರುವುದು ನಡುನಡುವಿನ ಕೆಲಸಗಳಲ್ಲಿ. ಸ್ಟಾರ್ಟ್ ಮಾಡುವಾಗ, ಹುಣಿ (ಗದ್ದೆಯ ಬದು) ದಾಟಿಸುವಾಗ, ಹಿಂದಕ್ಕೆ ತೆಗೆಯುವಾಗ, ರೋಟರಿಗೆ (ಹಿಂದೆ ತಿರುಗುತ್ತಾ ಮಣ್ಣು ಕಡಿಯುವ ಬ್ಲೇಡುಗಳ ಸಾಲು) ಸುತ್ತಿದ ಹುಲ್ಲು ಬಿಡಿಸುವಾಗ. ‘ಎರಡು ನಿಮಿಷದ ಕೆಲಸ ಅಲ್ವಾ’ ಅಂತ ಅವಸರ ಮಾಡುವುದೂ ಅಲ್ಲೇ. ರೋಟರಿ ಸೇರಿ 400 ಕೆ.ಜಿ. ಆಸುಪಾಸಿನ ಯಂತ್ರ ಇದು. ಮೈಬಲದಿಂದ ತಡೆದು ನಿಲ್ಲಿಸುವ ಮಾತೇ ಇಲ್ಲ.

ಗದ್ದೆಗೆ ಇಳಿಯುವ ಮೊದಲು

ಮೊದಲು ನಿಮ್ಮ ಉಡುಪು ನೋಡಿಕೊಳ್ಳಿ. ಹೆಗಲ ಮೇಲಿನ ಬೈರಾಸ್ (ಟವೆಲ್) ತೆಗೆದು ಹುಣಿ ಮೇಲಿಡಿ. ಬೆಲ್ಟಿನ ಹತ್ತಿರ ಬಗ್ಗಿದಾಗ ಅದರ ತುದಿ ಸಿಕ್ಕಿಕೊಂಡರೆ ಕುತ್ತಿಗೆಯೂ ಜೊತೆಗೇ ಹೋಗುತ್ತದೆ. ಲುಂಗಿಯೂ ಬೇಡ, ಎತ್ತಿ ಕಟ್ಟಿದ್ದು ಯಾವಾಗ ಬಿಚ್ಚುತ್ತದೆ ಹೇಳಲಾಗದು. ಚಡ್ಡಿ ಅಥವಾ ಬಿಗಿಯಾದ ಪ್ಯಾಂಟ್ ಸಾಕು. ಯಂತ್ರದ ಜೊತೆ ಬರುವ ಪುಸ್ತಕದಲ್ಲಿ ಬೂಟು ಹಾಕಿ ಎಂದಿರುತ್ತದೆ. ಒಣ ಗದ್ದೆಯಲ್ಲಿ ಖಂಡಿತ ಹಾಕಿ. ಮೊಣಕಾಲುದ್ದ ಕೆಸರಿನಲ್ಲಿ ಬೂಟು ಹೂತು, ಕಾಲು ಮಾತ್ರ ಮೇಲೆ ಬರುವುದು ನಮಗೆಲ್ಲ ಗೊತ್ತು. ಬರಿಗಾಲಲ್ಲೇ ಇಳಿಯುವುದಾದರೆ ಹ್ಯಾಂಡಲಿನ ತುದಿಯನ್ನೇ ಹಿಡಿದು, ರೋಟರಿಯಿಂದ ಆದಷ್ಟು ಹಿಂದೆ ನಡೆಯಿರಿ. ಕಾಲಲ್ಲಿ ಗಾಯ ಇದ್ದವರು ಕೆಸರಿಗೆ ಇಳಿಯದಿರುವುದೇ ಒಳ್ಳೆಯದು. ಕೆಸರಿನಿಂದ ಗಾಯದ ಮೂಲಕ ಹರಡುವ ಇಲಿಜ್ವರ ಮಳೆಗಾಲದಲ್ಲಿ ನಮ್ಮ ಜಿಲ್ಲೆಗಳಿಗೆ ಹೊಸದಲ್ಲ. ಗದ್ದೆ ಕೆಲಸದ ನಂತರ ಜ್ವರ ಬಂದರೆ ಕೆಸರಿಗೆ ಇಳಿದಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಇಂಜಿನ್ ತಣ್ಣಗಿರುವಾಗಲೇ ಆಯಿಲ್, ನೀರು, ಡೀಸೆಲ್ ನೋಡಿ. ಬೆಲ್ಟನ್ನು ಬೆರಳಲ್ಲಿ ಒತ್ತಿ. ಸ್ವಲ್ಪ ಬಗ್ಗಬೇಕು, ಜೋತು ಬೀಳಬಾರದು. ಬೆಲ್ಟಿನ ಮೇಲಿನ ಕವರ್ ತೆಗೆದು ಕೊಟ್ಟಿಗೆಯಲ್ಲಿ ಇಟ್ಟವರು ಸುಮಾರು ಜನ ಇದ್ದಾರೆ. ಅದು ಅಂದಕ್ಕೆ ಹಾಕಿದ್ದಲ್ಲ, ವಾಪಸ್ ಹಾಕಿ. ರೋಟರಿ ಬ್ಲೇಡುಗಳ ಬೋಲ್ಟು ಒಂದೊಂದಕ್ಕೂ ಸ್ಪ್ಯಾನರ್ ಕೊಟ್ಟು ನೋಡಿ. ಬ್ಲೇಡು ಬದಲಿಸಿದ್ದರೆ ಎಡಬಾಗಿದ್ದು, ಬಲಬಾಗಿದ್ದು ಅದರದರ ಜಾಗದಲ್ಲೇ ಇವೆಯೇ, ಹರಿತದ ಬದಿ ಮೊದಲು ಮಣ್ಣಿಗೆ ತಾಗುತ್ತದೆಯೇ ಎಂದು ಗಮನಿಸಿ. ಅದಲುಬದಲಾದರೆ ಟಿಲ್ಲರ್ ವಿಪರೀತ ಕುಲುಕುತ್ತದೆ.

ಆಮೇಲೆ ಗದ್ದೆಗೆ ಒಂದು ಸುತ್ತು ಹೊಡೆಯಿರಿ. ತೋಡಿನ (ಸಣ್ಣ ಹಳ್ಳದ) ಬದಿಯ ಗದ್ದೆಯಾದರೆ ನೆರೆಯಲ್ಲಿ ಬಂದ ಬಾಟಲಿ, ನೈಲಾನ್ ಹಗ್ಗ, ತೆಂಗಿನ ಮಡಲು ಬಿದ್ದಿರುತ್ತವೆ. ಹೆಕ್ಕಿ ಬದಿಗೆ ಹಾಕಿ. ಬೆಳ್ಳಕ್ಕಿಗಳು ಟಿಲ್ಲರ್ ಹಿಂದೆ ಬರಲಿ, ಮಕ್ಕಳು ಬೇಡ.

ಸ್ಟಾರ್ಟ್ ಮಾಡುವುದು

ಕ್ಲಚ್ ಆಫ್, ಗೇರು ನ್ಯೂಟ್ರಲ್, ರೋಟರಿ ಗೇರೂ ನ್ಯೂಟ್ರಲ್. ಮೂರನ್ನೂ ಕೈಯಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಿ. ಸೆಲ್ಫ್ ಸ್ಟಾರ್ಟ್ ಇದ್ದರೆ ಇನ್ನು ಕೀ ತಿರುಗಿಸಿದರಾಯಿತು.

ಹ್ಯಾಂಡಲ್ ಹಾಕಿ ತಿರುಗಿಸುವ ಇಂಜಿನ್ ಆದರೆ ಹೆಬ್ಬೆರಳಿನ ಮೇಲೆ ಗಮನ ಇರಲಿ. ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ ಸುತ್ತಿ ಮುಷ್ಟಿ ಹಿಡಿಯಬೇಡಿ. ಐದೂ ಬೆರಳು ಒಂದೇ ಬದಿಯಲ್ಲಿರಲಿ. ಇಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಕೈಯಿಂದ ಜಾರಿ ಹೋಗುತ್ತದೆ, ಹೆಬ್ಬೆರಳು ಉಳಿಯುತ್ತದೆ. ಒಂದು ಕೈಯಲ್ಲಿ ಡಿಕಂಪ್ರೆಶನ್ ಲಿವರ್ (ಇಂಜಿನ್ ಹಗುರಾಗಿ ತಿರುಗಲು ಒಳಗಿನ ಒತ್ತಡ ಬಿಡುವ ಲಿವರ್) ಒತ್ತಿ ಹಿಡಿದು, ಇನ್ನೊಂದರಲ್ಲಿ ವೇಗ ಬರುವ ತನಕ ತಿರುಗಿಸಿ, ಲಿವರ್ ಬಿಡಿ. ವೇಗ ಬರುವ ಮೊದಲೇ ಬಿಟ್ಟರೆ ಒದೆ ಗ್ಯಾರಂಟಿ. ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಇಂಜಿನ್ ಓಡಿಸಲೇಬಾರದು. ಹೊಗೆಯಲ್ಲಿ ಕಣ್ಣಿಗೆ ಕಾಣದ, ವಾಸನೆಯೂ ಇಲ್ಲದ ವಿಷಾನಿಲ ಇರುತ್ತದೆ.

ಇಳಿಜಾರಿನಲ್ಲಿ ಎಡ ಎಳೆದರೆ ಬಲ

ಹೊಸಬರು ಜಾಸ್ತಿ ಎಡವುವುದು ಇಲ್ಲಿ. ಹ್ಯಾಂಡಲಿನ ಎರಡೂ ಬದಿ ಸ್ಟಿಯರಿಂಗ್ ಕ್ಲಚ್ ಇರುತ್ತದೆ. ಸಪಾಟು ಗದ್ದೆಯಲ್ಲಿ ಎಡದ್ದನ್ನು ಒತ್ತಿದರೆ ಎಡ ಚಕ್ರಕ್ಕೆ ಇಂಜಿನ್ನಿನ ಬಲ ನಿಲ್ಲುತ್ತದೆ. ಬಲ ಚಕ್ರ ಮಾತ್ರ ತಳ್ಳುವುದರಿಂದ ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಸರಿ.

ಈಗ ಎತ್ತರದ ಬೆಟ್ಟು ಗದ್ದೆಯಿಂದ ಕೆಳಗಿನ ಮಜಲು ಗದ್ದೆಗೆ ಇಳಿಯುತ್ತಿದ್ದೀರಿ. ಇಳಿಜಾರಿನಲ್ಲಿ ಇಂಜಿನ್ ಚಕ್ರಗಳನ್ನು ತಳ್ಳುತ್ತಿರುವುದಿಲ್ಲ, ತಡೆದು ಹಿಡಿದಿರುತ್ತದೆ. ಎಡ ಕ್ಲಚ್ ಒತ್ತಿದ ಕೂಡಲೇ ಎಡ ಚಕ್ರಕ್ಕೆ ಆ ತಡೆ ತಪ್ಪುತ್ತದೆ. ಅದು ಜೋರಾಗಿ ಉರುಳುತ್ತದೆ, ಟಿಲ್ಲರ್ ಬಲಕ್ಕೆ ತಿರುಗುತ್ತದೆ. ಗಾಬರಿಯಾಗಿ ಇನ್ನೂ ಬಿಗಿಯಾಗಿ ಒತ್ತಿದರೆ ಯಂತ್ರ ಸೀದಾ ತೋಡಿಗೆ. ಆದ್ದರಿಂದ ಇಳಿಜಾರಿನಲ್ಲಿ ಸ್ಟಿಯರಿಂಗ್ ಕ್ಲಚ್ ಮುಟ್ಟಬೇಡಿ. ಹ್ಯಾಂಡಲನ್ನೇ ಪಕ್ಕಕ್ಕೆ ದೂಡಿ ತಿರುಗಿಸಿ. ಇಳಿಯುವ ಮೊದಲೇ ಸಣ್ಣ ಗೇರಿಗೆ ಹಾಕಿ, ನಡುವೆ ಗೇರು ಬದಲಿಸಬೇಡಿ, ನ್ಯೂಟ್ರಲ್ ಮಾಡಲೇಬೇಡಿ.

ಹುಣಿ ದಾಟಿಸಲು ರೋಟರಿ ನಿಲ್ಲಿಸಿ, ಸಣ್ಣ ಗೇರಿನಲ್ಲಿ ನೇರವಾಗಿ ಹತ್ತಿಸಿ. ಓರೆಯಾಗಿ ಹತ್ತಿಸಿದರೆ ಮಗುಚುತ್ತದೆ. ಹುಣಿ ಎತ್ತರ ಇದ್ದರೆ ಹಾರೆಯಿಂದ ಸ್ವಲ್ಪ ಕಡಿದು ದಾರಿ ಮಾಡಿ, ದಾಟಿದ ಮೇಲೆ ಮತ್ತೆ ಕಟ್ಟಿ. ಪಕ್ಕದ ಗದ್ದೆಯವರ ಹುಣಿಯಾದರೆ ಒಂದು ಮಾತು ಕೇಳಿಯೇ ಕಡಿಯಿರಿ, ಅದೂ ಸುರಕ್ಷತೆಯ ವಿಷಯವೇ!

ಹಿಂದಕ್ಕೆ ತೆಗೆಯುವಾಗ ಮೊದಲು ಬೆನ್ನ ಹಿಂದೆ ನೋಡಿ. ತೆಂಗಿನ ಮರ, ಪಾಗಾರ, ಎತ್ತರದ ಹುಣಿ ಇದ್ದರೆ ನೀವು ನಡುವೆ ಸಿಕ್ಕಿಬೀಳುತ್ತೀರಿ. ರಿವರ್ಸ್ ಗೇರಿನಲ್ಲಿ ಕ್ಲಚ್ ಒಮ್ಮೆಲೇ ಬಿಟ್ಟರೆ ಹ್ಯಾಂಡಲ್ ಮೇಲಕ್ಕೆ ಹಾರುತ್ತದೆ. ಇಂಜಿನ್ ವೇಗ ತಗ್ಗಿಸಿ, ಹ್ಯಾಂಡಲ್ ಕೆಳಗೆ ಒತ್ತಿ ಹಿಡಿದು, ಕ್ಲಚ್ ನಿಧಾನವಾಗಿ ಕೊಡಿ. ಆ ಹೊತ್ತಿಗೆ ರೋಟರಿ ತಿರುಗುತ್ತಿರಬಾರದು. ಹಿಂದಕ್ಕೆ ಹೋಗುವಾಗ ಕಾಲು ಜಾರಿ ಬಿದ್ದರೆ ಬ್ಲೇಡು ಬರುವುದು ನಿಮ್ಮ ಮೇಲೆಯೇ.

ಹುಲ್ಲು ಸುತ್ತಿಕೊಂಡಾಗ

ಇಂಜಿನ್ ಆಫ್ ಮಾಡಿ. ನ್ಯೂಟ್ರಲ್ ಸಾಲದು, ಕ್ಲಚ್ ಎಳೆದಿಟ್ಟರೂ ಸಾಲದು. ‘ಮತ್ತೆ ಸ್ಟಾರ್ಟ್ ಮಾಡಲು ಕಷ್ಟ’ ಅಂತ ಇಂಜಿನ್ ಓಡುತ್ತಿರುವಾಗಲೇ ಕೈ ಹಾಕುವುದುಂಟು. ಆಗ ಪಕ್ಕದಲ್ಲಿದ್ದವರ ಕೈ ಒಂದು ಲಿವರಿಗೆ ತಾಗಿದರೆ ಬೆರಳು ಹೋಯಿತು.

ಆಫ್ ಮಾಡಿದ ಮೇಲೂ ಬರಿಗೈಯಲ್ಲಿ ಎಳೆಯಬೇಡಿ. ಬಿಗಿಯಾಗಿ ಸುತ್ತಿದ ಬಳ್ಳಿಯನ್ನು ಜಗ್ಗಿದರೆ ಶಾಫ್ಟ್ ತಿರುಗಿ, ಪಕ್ಕದ ಬ್ಲೇಡು ಕೈಗೆ ಬಡಿಯುತ್ತದೆ. ಬ್ಲೇಡುಗಳ ನಡುವೆ ಒಂದು ಮರದ ತುಂಡು ಅಡ್ಡ ಕೊಡಿ. ಆಮೇಲೆ ಕತ್ತಿಯಿಂದ ಕೊಯ್ದು ಬಿಡಿಸಿ. ರೋಟರಿ ಎತ್ತಬೇಕಾದರೆ ಅಡಿಗೆ ಗಟ್ಟಿ ದಿಮ್ಮಿ ಇಡಿ. ಒಬ್ಬರು ಹ್ಯಾಂಡಲ್ ಎತ್ತಿ ಹಿಡಿದು, ಇನ್ನೊಬ್ಬರು ಅಡಿಗೆ ಕೈ ಹಾಕುವ ಕೆಲಸ ಬೇಡ.

ಶಾಫ್ಟಿನ ಎರಡು ತುದಿಗಳನ್ನು ವಿಶೇಷವಾಗಿ ನೋಡಿ. ಅಲ್ಲಿ ಸೇರಿದ ನೈಲಾನ್ ದಾರ ಆಯಿಲ್ ಸೀಲನ್ನು ಕೊಯ್ಯುತ್ತದೆ. ಸೀಲ್ ಹೋದರೆ ಕೆಸರು ನೀರು ಒಳಗೆ ಇಳಿಯುತ್ತದೆ. ಗೇರ್ ಆಯಿಲ್ ಹಾಲು ಹಾಕಿದ ಚಾದಂತೆ ಕಂಡರೆ ನೀರು ಸೇರಿದೆ ಎಂದೇ ಲೆಕ್ಕ. ಸೀಲ್ ಬದಲಿಸಿ, ಆಯಿಲ್ ಬದಲಿಸಿ, ಆಮೇಲೆ ಗದ್ದೆಗೆ ಇಳಿಸಿ. ಸೀಲಿನ ಖರ್ಚು ಸಣ್ಣದು, ಗೇರು ಹಾಳಾದರೆ ಸಣ್ಣದಲ್ಲ.

ಕೆಲಸ ಮುಗಿದ ಮೇಲೆ

ಬಿಸಿ ಇಂಜಿನ್ನಿಗೆ ತಣ್ಣೀರು ಹೊಯ್ಯಬೇಡಿ. ಬಿಸಿ ಇರುವಾಗ ನೀರಿನ ಮುಚ್ಚಳವನ್ನೂ ತೆಗೆಯಬೇಡಿ, ಕುದಿನೀರು ಮುಖಕ್ಕೆ ಹಾರುತ್ತದೆ. ತಣಿದ ಮೇಲೆ ತೊಳೆದು, ಒಣಗಿಸಿ, ಬ್ಲೇಡು ಮತ್ತು ಕಬ್ಬಿಣದ ಚಕ್ರಗಳಿಗೆ ಹಳೆ ಆಯಿಲ್ ಸವರಿ. ಕಡಲ ಗಾಳಿಗೆ ತುಕ್ಕು ಬೇಗ. ಇಂಜಿನ್ ಆಯಿಲ್ ಎಷ್ಟು ಗಂಟೆಗೊಮ್ಮೆ ಬದಲಿಸಬೇಕು ಎಂಬುದು ಯಂತ್ರದ ಪುಸ್ತಕದಲ್ಲಿ ಇರುತ್ತದೆ. ಓಡಿಸಿದ ಗಂಟೆಗಳನ್ನು ಕೊಟ್ಟಿಗೆಯ ಕ್ಯಾಲೆಂಡರಿನಲ್ಲೇ ಬರೆಯುತ್ತಾ ಹೋಗಿ. ಏರ್ ಕ್ಲೀನರನ್ನು ಒಣ ಉಳುಮೆಯ ದಿನಗಳಲ್ಲಿ ಜಾಸ್ತಿ ಸಲ ನೋಡಬೇಕು, ಕೆಸರಿನಲ್ಲಿ ಅಷ್ಟು ಧೂಳಿಲ್ಲ.

ನೇಜಿ ನೆಟ್ಟು ಮುಗಿದು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಡೀಸೆಲ್ ಟ್ಯಾಂಕ್ ತುಂಬಿಸಿಡಿ. ಖಾಲಿ ಟ್ಯಾಂಕಿನಲ್ಲಿ ನಮ್ಮ ತೇವದ ಹವೆಗೆ ನೀರಿನ ಹನಿ ಕಟ್ಟುತ್ತದೆ. ಸ್ಟಾರ್ಟ್ ಮಾಡುವ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿ, ಬಿಗಿ ಬಂದ ಜಾಗದಲ್ಲಿ ಬಿಡಿ. ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ, ತೇವ ಸಿಲಿಂಡರಿನೊಳಗೆ ಹೋಗುವುದಿಲ್ಲ.

ಸ್ವಂತ ಟಿಲ್ಲರ್ ಇಲ್ಲದೆ ಕೃಷಿ ಯಂತ್ರಧಾರೆ ಕೇಂದ್ರದಿಂದಲೋ ನೆರೆಯವರಿಂದಲೋ ಬಾಡಿಗೆಗೆ ತರುವವರು ಬೆಲ್ಟ್ ಕವರ್, ಬ್ಲೇಡಿನ ಬೋಲ್ಟು, ಕ್ಲಚ್ ಮೂರನ್ನೂ ಅಲ್ಲೇ ನೋಡಿ ತನ್ನಿ. ಇಂಜಿನ್ ನಿಲ್ಲಿಸುವ ಲಿವರ್ ಎಲ್ಲಿದೆ ಎಂದು ಕೇಳಿ, ಒಂದು ಸಲ ನಿಮ್ಮ ಕೈಯಿಂದಲೇ ನಿಲ್ಲಿಸಿ ನೋಡಿ. ಒಂದೊಂದು ಕಂಪನಿಯದ್ದು ಒಂದೊಂದು ಕಡೆ ಇರುತ್ತದೆ.