ಎಡೆದೊರೆಯ ನೆಲದಿಂದ ಭೂಗೋಳ ಕಲಿಯುವ ಬಗೆ

ರಾಯಚೂರು, ಕೊಪ್ಪಳ, ಬಳ್ಳಾರಿಯ ಗ್ರಂಥಾಲಯಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುಳಿತು ಪಿಡಿಒ, ಎಫ್‌ಡಿಎ, ಪಿಎಸ್‌ಐ ಮುಂತಾದ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುವವರಲ್ಲಿ ಹೆಚ್ಚಿನವರು ಭೂಗೋಳವನ್ನು ಪಟ್ಟಿಗಳಾಗಿ ಬಾಯಿಪಾಠ ಮಾಡುತ್ತಾರೆ. ಕರ್ಕಾಟಕ ಸಂಕ್ರಾಂತಿ ವೃತ್ತ ಹಾದುಹೋಗುವ ಎಂಟು ರಾಜ್ಯಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವ ವಿದ್ಯಾರ್ಥಿಯೂ, ಭೋಪಾಲ್ ಆ ವೃತ್ತದ ಉತ್ತರಕ್ಕಿದೆಯೋ ದಕ್ಷಿಣಕ್ಕಿದೆಯೋ ಎಂದು ಕೇಳಿದರೆ ತಡವರಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಇದು ಬುದ್ಧಿಯ ಕೊರತೆಯಲ್ಲ, ಕಲಿಯುವ ಕ್ರಮದ ದೋಷ. ದೂರದ ಸಂಗತಿಯನ್ನು ನಾವು ನಿಂತಿರುವ ನೆಲಕ್ಕೆ ಕಟ್ಟಿಹಾಕಿ ಕಲಿತರೆ ಅದು ಸುಲಭವಾಗಿ ಕಳಚಿಕೊಳ್ಳುವುದಿಲ್ಲ. ಕೃಷ್ಣೆ, ತುಂಗಭದ್ರೆಗಳ ನಡುವಿನ ಎಡೆದೊರೆ ಸೀಮೆಯನ್ನೇ ಹಿಡಿದು ಆ ಕಟ್ಟುವ ಬಗೆಯನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ನಕ್ಷೆ ಬರೆಯಬೇಕು. ನಮ್ಮ ಕಡೆಯ ಹಳೆಯ ಮನೆಗಳ ಪಡಸಾಲೆಯಲ್ಲಿ ಶಹಾಬಾದ್ ಕಲ್ಲಿನ ಫರಸಿ ಇರುತ್ತದೆ. ಉದ್ದಕ್ಕೆ ಏಳು, ಅಡ್ಡಕ್ಕೆ ಏಳು ಚೌಕ ಕಲ್ಲುಗಳನ್ನು ಆರಿಸಿಕೊಂಡು, ಒಂದೊಂದು ಕಲ್ಲಿಗೂ 5 ಡಿಗ್ರಿ ಎಂದು ಇಟ್ಟುಕೊಳ್ಳಿ. ಎಡತುದಿಯ ಸಂದು 65 ಡಿಗ್ರಿ ಪೂರ್ವ ರೇಖಾಂಶ, ಬಲತುದಿಯದು 100. ಕೆಳಗಿನ ಸಂದು 5 ಡಿಗ್ರಿ ಉತ್ತರ ಅಕ್ಷಾಂಶ, ಮೇಲಿನದು 40. ಭಾರತದ ಮುಖ್ಯ ಭೂಭಾಗ 8°4′ರಿಂದ 37°6′ ಅಕ್ಷಾಂಶದವರೆಗೆ, 68°7′ರಿಂದ 97°25′ ರೇಖಾಂಶದವರೆಗೆ ಹಬ್ಬಿರುವುದರಿಂದ ಇಡೀ ದೇಶ ಈ ಚೌಕದೊಳಗೆ ಕೂರುತ್ತದೆ. 6°45′ರಲ್ಲಿರುವ ಇಂದಿರಾ ಪಾಯಿಂಟ್ ಕೂಡ ಕೆಳಗಿನ ಸಾಲಿನಲ್ಲೇ ಸಿಗುತ್ತದೆ. ಮನೆಯಲ್ಲಿ ಟೈಲ್ಸ್ ಇದ್ದು ಸೀಮೆಸುಣ್ಣ ಹಿಡಿಯದಿದ್ದರೆ ಗಣಿತದ ಚೌಕಳಿ ಹಾಳೆಯೂ ಸಾಕು. ಉತ್ತರಕ್ಕೆ ಹೋದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುತ್ತವಾದ್ದರಿಂದ ನಮ್ಮ ನಕ್ಷೆಯಲ್ಲಿ ಕಾಶ್ಮೀರ ಇರುವುದಕ್ಕಿಂತ ತುಸು ಅಗಲವಾಗಿ ಕಾಣುತ್ತದೆ ಎಂಬುದನ್ನು ಮಾತ್ರ ಗಮನದಲ್ಲಿಡಿ.

ಮೊದಲ ಚುಕ್ಕೆ ನಿಮ್ಮ ಊರಿನದೇ ಆಗಿರಲಿ. ಎಡದಿಂದ ಮೂರನೆಯ, ಕೆಳಗಿನಿಂದಲೂ ಮೂರನೆಯ ಕಲ್ಲು ನಮ್ಮದು. ಆ ಕಲ್ಲಿನ ಅಡ್ಡಳತೆಯ ನಡುವೆ, ಕೆಳಸಂದಿನಿಂದ ಕಾಲುಭಾಗ ಮೇಲೆ ರಾಯಚೂರು. ಕೆಳಸಂದಿಗೆ ಬಹುತೇಕ ಅಂಟಿಕೊಂಡು ಬಳ್ಳಾರಿ. ಅದರ ಎಡಕ್ಕೆ, ಕೂದಲೆಳೆಯಷ್ಟು ಮೇಲೆ ಕೊಪ್ಪಳ. ಈಗ ರಾಯಚೂರಿನಿಂದ ನೇರವಾಗಿ ಮೇಲಕ್ಕೂ ಕೆಳಕ್ಕೂ ಗೆರೆ ಎಳೆಯಿರಿ. ಕನ್ಯಾಕುಮಾರಿ, ಬೆಂಗಳೂರು, ರಾಯಚೂರು, ಭೋಪಾಲ್, ದೆಹಲಿ, ಶಿಮ್ಲಾ, ಲೇಹ್ ಈ ಏಳೂ ಊರುಗಳು 77 ಮತ್ತು 78 ಡಿಗ್ರಿ ರೇಖಾಂಶಗಳ ನಡುವೆಯೇ ಇವೆ. ದೇಶದ ಬೆನ್ನುಮೂಳೆಯಂತಿರುವ ಈ ಗೆರೆ ನಮ್ಮೂರಿನ ಮೇಲೆಯೇ ಹಾದುಹೋಗುವುದನ್ನು ಬೋಧಿಸುವಾಗಲೆಲ್ಲ ನನಗೆ ಹೊಸದಾಗಿ ಸಂತೋಷವಾಗುತ್ತದೆ. ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿ.ಮೀ. ಎಂದು ಹಿಡಿದರೆ ದೂರವೂ ತಾನಾಗಿಯೇ ದೊರೆಯುತ್ತದೆ: ರಾಯಚೂರು 16.2, ದೆಹಲಿ 28.6, ನಡುವಿನ ಅಂತರ 12.4 ಡಿಗ್ರಿ, ಅಂದರೆ ನೇರ ದೂರ ಸುಮಾರು 1,375 ಕಿ.ಮೀ. ಇನ್ನು 23½ ಡಿಗ್ರಿಯಲ್ಲಿ ಕರ್ಕಾಟಕ ಸಂಕ್ರಾಂತಿ ವೃತ್ತವನ್ನು ಅಡ್ಡಲಾಗಿ ಎಳೆದು ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶ, ಛತ್ತೀಸ್‌ಗಢ, ಜಾರ್ಖಂಡ್, ಪಶ್ಚಿಮ ಬಂಗಾಳ, ತ್ರಿಪುರ, ಮಿಜೋರಾಂಗಳನ್ನು ಎಡದಿಂದ ಬಲಕ್ಕೆ ಗುರುತಿಸಿ. ಭೋಪಾಲ್ ಆ ಗೆರೆಯ ಕೆಳಗೆ, ಅದಕ್ಕೆ ತೀರ ಹತ್ತಿರದಲ್ಲಿ ಬೀಳುವುದನ್ನು ನೀವೇ ಕಾಣುವಿರಿ.

ನಕ್ಷೆಯಾದ ಮೇಲೆ ನೆರಳು. ಮಾಳಿಗೆಯ ಮೇಲೆ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, 12 ಗಂಟೆಯಿಂದ 12.45ರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿ. ನೆರಳು ಅತಿ ಚಿಕ್ಕದಾಗುವುದು ಗಡಿಯಾರದ ಹನ್ನೆರಡಕ್ಕಲ್ಲ. ಭಾರತೀಯ ಪ್ರಮಾಣಿತ ಕಾಲವನ್ನು 82½ ಡಿಗ್ರಿ ರೇಖಾಂಶದ ಮೇಲೆ, ಅಂದರೆ ಎಡದಿಂದ ನಾಲ್ಕನೆಯ ಕಲ್ಲಿನ ನಟ್ಟನಡುವೆ ನಿಗದಿಪಡಿಸಲಾಗಿದೆ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುವುದರಿಂದ ಒಂದು ಡಿಗ್ರಿಗೆ 4 ನಿಮಿಷ ಬೇಕು. ನಾವು ಆ ರೇಖೆಗಿಂತ ಐದು ಡಿಗ್ರಿಗೂ ತುಸು ಹೆಚ್ಚು ಪಶ್ಚಿಮಕ್ಕಿರುವುದರಿಂದ ಸೂರ್ಯ ನಮ್ಮ ನೆತ್ತಿಯ ರೇಖೆಗೆ ಬರುವುದು ಸರಾಸರಿ 20 ನಿಮಿಷ ತಡವಾಗಿ. ಭೂಮಿಯ ಕಕ್ಷೆ ಅಂಡಾಕಾರವಾಗಿರುವುದು, ಅದರ ಅಕ್ಷ ವಾಲಿರುವುದು ಇವೆರಡರಿಂದ ಈ ಸಮಯ ವರ್ಷವಿಡೀ ಹಿಂದುಮುಂದಾಗುತ್ತದೆ: ನವೆಂಬರ್ ಆರಂಭದಲ್ಲಿ 12.04ರ ಸುಮಾರಿಗೆ, ಫೆಬ್ರವರಿ ನಡುವೆ 12.35ರ ಸುಮಾರಿಗೆ. ಅದೇ ಲೆಕ್ಕದಿಂದ 95 ಡಿಗ್ರಿಯ ಸಮೀಪವಿರುವ ಅಸ್ಸಾಮಿನ ದಿಬ್ರುಗಢದಲ್ಲಿ ಸರಾಸರಿ ಮಧ್ಯಾಹ್ನ 11.10ಕ್ಕೇ ಆಗುತ್ತದೆ, ಶೂನ್ಯ ರೇಖಾಂಶದ ಗ್ರೀನಿಚ್ ನಮ್ಮ ಗಡಿಯಾರಕ್ಕಿಂತ 5 ಗಂಟೆ 30 ನಿಮಿಷ ಹಿಂದಿರುವುದೂ ಸ್ಪಷ್ಟವಾಗುತ್ತದೆ. ಮೇ ಮೊದಲ ವಾರದಲ್ಲಿ ಒಂದು ದಿನ ಕೋಲಿನ ನೆರಳು ಕೋಲಿನ ಬುಡದಲ್ಲೇ ಅಡಗುತ್ತದೆ. ಅಂದಿನಿಂದ ಆಗಸ್ಟ್ ಎರಡನೇ ವಾರದ ಆಸುಪಾಸಿನವರೆಗೆ ನಮ್ಮ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಸೂರ್ಯ ನೆತ್ತಿಯ ಮೇಲೆ ಬರುವ ಉತ್ತರದ ಕೊನೆಯ ಗೆರೆ ಕರ್ಕಾಟಕ ಸಂಕ್ರಾಂತಿ ವೃತ್ತವಾದ್ದರಿಂದ, ಅದರಿಂದ ಮೇಲಿರುವ ದೆಹಲಿಯಲ್ಲಿ ಇದು ಎಂದಿಗೂ ಸಂಭವಿಸುವುದಿಲ್ಲ. ಒಮ್ಮೆ ಕಣ್ಣಾರೆ ಕಂಡವರಿಗೆ ಆ ವೃತ್ತದ ಅರ್ಥವನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ನದಿಗಳ ವಿಷಯದಲ್ಲಿ ನಮಗೆ ದೊಡ್ಡ ಅನುಕೂಲವಿದೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ಸೀಮೆಗೆ ಶಾಸನಗಳ ಕಾಲದಲ್ಲಿ ಎಡೆದೊರೆನಾಡು ಎಂಬ ಹೆಸರಿತ್ತು: ಎಡೆ ಎಂದರೆ ನಡು, ತೊರೆ ಎಂದರೆ ಹೊಳೆ. ಇಂಥ ನೆಲಕ್ಕೆ ಬಳಸುವ ಪಾರಸಿಯ ‘ದೋಆಬ್’ ಎಂಬುದಕ್ಕೆ ಎರಡು ನೀರು ಎಂದರ್ಥ. ಟೈಗ್ರಿಸ್–ಯೂಫ್ರೆಟಿಸ್ ನದಿಗಳ ನಡುವಿನ ಮೆಸೊಪೊಟೇಮಿಯಾ ಎಂಬ ಗ್ರೀಕ್ ಹೆಸರಿಗೂ, ಪರಾನಾ–ಉರುಗ್ವೆ ನದಿಗಳ ನಡುವಿನ ಅರ್ಜೆಂಟೀನಾದ ಎಂತ್ರೆ ರಿಯೋಸ್ ಪ್ರಾಂತ್ಯದ ಸ್ಪ್ಯಾನಿಷ್ ಹೆಸರಿಗೂ ಎಡೆದೊರೆ ಎಂದೇ ಅರ್ಥ. ಎರಡು ಖಂಡಗಳ ಆರು ನದಿಗಳು ಒಂದು ಕನ್ನಡ ಪದದಲ್ಲಿ ಹೀಗೆ ನಿಲ್ಲುತ್ತವೆ. ಬಳಿಕ ‘ಏಕೆ’ ಎಂದು ಕೇಳಿಕೊಳ್ಳಿ. ಮಹಾಬಲೇಶ್ವರದಲ್ಲಿ, ಅರಬ್ಬಿ ಸಮುದ್ರದಿಂದ ಸುಮಾರು 65 ಕಿ.ಮೀ. ದೂರದಲ್ಲಿ ಹುಟ್ಟಿದ ಕೃಷ್ಣೆ ಸುಮಾರು 1,400 ಕಿ.ಮೀ. ಹರಿದು ಬಂಗಾಳ ಕೊಲ್ಲಿಗೇ ಹೋಗುವುದು ದಖನ್ ಪ್ರಸ್ಥಭೂಮಿ ಪೂರ್ವಕ್ಕೆ ವಾಲಿರುವುದರಿಂದ. ನರ್ಮದೆ, ತಾಪಿಗಳು ಬಿರುಕು ಕಣಿವೆಗಳಲ್ಲಿ ಹರಿಯುವುದರಿಂದ ಪಶ್ಚಿಮಕ್ಕೆ ಹೋಗುತ್ತವೆ. ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆ ಎರಡೂ ಕೂಡ್ಲಿಯಲ್ಲಿ ಸೇರುತ್ತವೆ.

ಇದೇ ಅಕ್ಷಾಂಶವನ್ನು ಹಿಡಿದು ಗೋಳವನ್ನು ತಿರುಗಿಸಿದರೆ ವಾಯುಗುಣದ ಪಾಠ ಆರಂಭವಾಗುತ್ತದೆ. ನೀಲಿ ನೈಲ್ ಮತ್ತು ಬಿಳಿ ನೈಲ್ ಸೇರುವ ಖಾರ್ಟೂಮ್, ಅಂದರೆ ಸೂಡಾನಿನ ಕೂಡ್ಲಿ, 15.6 ಡಿಗ್ರಿಯಲ್ಲಿದೆ, ಅದು ಮರುಭೂಮಿಯ ಅಂಚು. ಯೆಮೆನ್‌ನ ಸನಾ ನಗರ ಹೆಚ್ಚುಕಡಿಮೆ ಕೊಪ್ಪಳದ ಅಕ್ಷಾಂಶದಲ್ಲೇ ಇದ್ದರೂ 2,200 ಮೀಟರಿಗೂ ಎತ್ತರದಲ್ಲಿರುವುದರಿಂದ ತಂಪಾಗಿರುತ್ತದೆ. ವಿಯೆಟ್ನಾಮಿನ ಹುಯೆ ನಮಗಿಂತ ತುಸುವೇ ಉತ್ತರಕ್ಕಿದ್ದು, ಸಮುದ್ರದ ಕಡೆಯಿಂದ ಬೀಸುವ ಈಶಾನ್ಯ ಮಾರುತ ಮತ್ತು ಚಂಡಮಾರುತಗಳಿಂದ ವರ್ಷದ ಕೊನೆಯ ತಿಂಗಳುಗಳಲ್ಲಿ ತೊಯ್ದು ತೊಪ್ಪೆಯಾಗುತ್ತದೆ. ನಾವಾದರೋ ಪಶ್ಚಿಮಘಟ್ಟದ ಮಳೆನೆರಳಿನಲ್ಲಿದ್ದೇವೆ, 7,000 ಮಿ.ಮೀ. ಮೀರಿ ಮಳೆ ಕಾಣುವ ಆಗುಂಬೆಯ ಹತ್ತರಲ್ಲೊಂದು ಪಾಲಿನಷ್ಟೇ ನಮ್ಮ ಪಾಲು. ಅಕ್ಷಾಂಶ, ಎತ್ತರ, ಸಮುದ್ರದ ಸಾಮೀಪ್ಯ, ಬೆಟ್ಟದ ಅಡ್ಡಗೋಡೆ, ಗಾಳಿಯ ದಿಕ್ಕು ಇವು ಬಿಡಿ ಅಂಶಗಳಾಗಿ ಉಳಿಯದೆ ಒಂದೊಂದು ಊರಾಗಿ ನೆನಪಿನಲ್ಲಿ ನಿಲ್ಲುತ್ತವೆ.

ಅಂಕಿಗಳನ್ನು ಬರೆದುಕೊಳ್ಳುವಾಗ ಪಕ್ಕದಲ್ಲಿ ಇಸವಿಯನ್ನೂ ತಪ್ಪದೆ ಬರೆಯಿರಿ. ಎವರೆಸ್ಟಿನ ಎತ್ತರ 2020ರ ಪ್ರಕಟಣೆಯಂತೆ 8,848.86 ಮೀಟರ್. ಭಾರತದ ಕರಾವಳಿ 7,516.6 ಕಿ.ಮೀ. ಎಂದು ಹಳೆಯ ಗೈಡ್‌ಗಳೆಲ್ಲ ಹೇಳುತ್ತವೆ. ಕೊಲ್ಲಿ, ಅಳಿವೆಗಳ ಅಂಕುಡೊಂಕುಗಳನ್ನು ಸೂಕ್ಷ್ಮವಾಗಿ ಅಳೆದ ಮೇಲೆ ಸರ್ಕಾರ ಈಚೆಗೆ ಪ್ರಕಟಿಸಿದ ಉದ್ದ 11,098.81 ಕಿ.ಮೀ. ತುಂಗಭದ್ರಾ ಅಣೆಕಟ್ಟಿನ ಒಂದು ದಡ ಕೊಪ್ಪಳ ಜಿಲ್ಲೆಯ ಮುನಿರಾಬಾದ್; ಇನ್ನೊಂದು ದಡದ ಹೊಸಪೇಟೆ 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ ಜಿಲ್ಲೆಯ ಕೇಂದ್ರ. ಕೊಪ್ಪಳವೂ 1997ರವರೆಗೆ ರಾಯಚೂರಿನ ಭಾಗವೇ ಆಗಿತ್ತು. ವಾರಕ್ಕೊಮ್ಮೆ ಫರಸಿಯ ನಕ್ಷೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಟ್ಲಾಸ್ ಮುಚ್ಚಿಟ್ಟು, ಮೂರನೆಯ ಸಾಲಿನ ಮೂರನೆಯ ಕಲ್ಲಿನಿಂದ ಮತ್ತೆ ಬರೆಯಿರಿ. ತಪ್ಪಿದ ಊರನ್ನು ಮಾತ್ರ ಅಟ್ಲಾಸ್ ತೆರೆದು ತಿದ್ದಿಕೊಳ್ಳಿ.